ಹೊಳವು ಕಾದ ಒಂದು ದಿನ

ಸೆಪ್ಟೆಂಬರಿನ ಒಂದು ಸೋಮವಾರ ಬೆಳಿಗ್ಗೆ ಖರಾಡಿಯ ನಮ್ಮ ವಸತಿ ಸಮುಚ್ಚಯದ ಲಿಫ್ಟಿನಲ್ಲಿ ಎದುರಾದವರೆಲ್ಲ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಮಳೆ ನಿಮ್ಮ ಪ್ರವಾಸವನ್ನು ಕೆಡಿಸಿತಂತೆ, ನಿಜವೇ?’ ಕೇಳಿದವರ ದನಿಯಲ್ಲಿ ನಿಜವಾದ ಸಹಾನುಭೂತಿಯೇ ಇತ್ತು. ನಾವು ಏನೋ ಒಂದು ಉತ್ತರ ಕೊಟ್ಟು ನಮ್ಮ ನಮ್ಮ ದಾರಿ ಹಿಡಿದೆವು. ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಅದಕ್ಕೆ ಕೊಡಬೇಕಾಗಿದ್ದ ಉತ್ತರವನ್ನು ಸಾವಧಾನವಾಗಿ ಇಲ್ಲಿ ಬರೆಯುತ್ತಿದ್ದೇವೆ.

ಅದಕ್ಕೆ ಎರಡು ದಿನ ಮೊದಲು, ಶನಿವಾರ, ಎರಡು ಕುಟುಂಬಗಳ ಏಳು ಜನ ಒಂದೇ ಕಾರಿನಲ್ಲಿ ರಾಯಗಡ ಜಿಲ್ಲೆಯ ಕಡಲ ದಂಡೆಗೆ ಹೋಗಿ ಅದೇ ರಾತ್ರಿ ಮರಳಿದ್ದೆವು. ದಿವೇಆಗರ, ಶ್ರೀವರ್ಧನ, ಹರಿಹರೇಶ್ವರ, ಸಾವಿತ್ರಿ ನದಿಯ ಮುಖದ ಬಾಗಮಾಂಡಲೆ, ಅಲ್ಲಿಂದ ಕಾರುಸಹಿತ ಜಂಗಲ್ ಹತ್ತಿ ದಾಟಿದರೆ ಬಾಣಕೋಟದ ಕೋಟೆ: ಹೊರಡುವಾಗ ಕೈಯಲ್ಲಿದ್ದ ಪಟ್ಟಿ ಇಷ್ಟು ಉದ್ದವಿತ್ತು. ನೋಡಲಾದದ್ದು ಮೊದಲೆರಡು. ಮೂರನೆಯದರ ಹೊಸ್ತಿಲಿನಿಂದ ಹಿಂದಿರುಗಿದೆವು. ಉಳಿದೆರಡರ ಕಡೆಗೆ ತಲೆ ಹಾಕಲೂ ಆಗಲಿಲ್ಲ. ಪಟ್ಟಿಯ ಲೆಕ್ಕದಲ್ಲಿ ಪ್ರವಾಸ ಕೆಟ್ಟಿತೆಂದೇ ಹೇಳಬೇಕು. ನಮ್ಮ ಅಭಿಪ್ರಾಯ ಬೇರೆ. ಆ ದಿನವನ್ನು ಕೆಡಿಸುವ ಶಕ್ತಿ ಇದ್ದದ್ದು ಮಳೆಗಲ್ಲ, ಪಟ್ಟಿಗೆ. ಮಳೆ ನಮ್ಮನ್ನು ಆ ಪಟ್ಟಿಯಿಂದ ಬಿಡಿಸಿತು.

ಪುಣೆಯ ಪೂರ್ವದ ಅಂಚಿನಲ್ಲಿರುವ ನಮ್ಮಂಥವರಿಗೆ ವಾರಾಂತ್ಯವೆಂದರೆ ಪಶ್ಚಿಮಕ್ಕೆ ಓಡುವುದು. ಖರಾಡಿಯ ಗಾಜಿನ ಕಟ್ಟಡಗಳಲ್ಲಿ ಐದು ದಿನ ಹವೆಯ ಸುಳಿವೇ ಇರುವುದಿಲ್ಲ. ಒಳಗಿನ ತಾಪಮಾನ ಎಲ್ಲ ಋತುಗಳಿಗೂ ಒಂದೇ. ಹೊರಗೆ ಮುಳಾ-ಮುಠಾ ನದಿಯ ಸೇತುವೆ ದಾಟುವಾಗ ಮಾತ್ರ ಆಕಾಶ ಸ್ವಲ್ಪ ಕಾಣುತ್ತದೆ, ಅದೂ ವಾಹನಗಳು ನಿಂತರೆ. ಶುಕ್ರವಾರ ರಾತ್ರಿ ಮೊಬೈಲಿನಲ್ಲಿ ಸ್ಥಳಗಳನ್ನು ಆರಿಸುತ್ತೇವೆ, ಒಂದೊಂದಕ್ಕೂ ಇಷ್ಟಿಷ್ಟು ನಿಮಿಷವೆಂದು ಹಂಚುತ್ತೇವೆ. ಹವೆಗೆ ಆ ಯೋಜನೆಯಲ್ಲಿ ಜಾಗವಿರುವುದು ವೈರಿಯಾಗಿ ಮಾತ್ರ: ‘ಮಳೆ ಬಾರದಿದ್ದರೆ ಸಾಕು.’ ಮಳೆಗಾಲದಲ್ಲಿ ಕೊಂಕಣಕ್ಕೆ ಹೊರಟವರ ಬಾಯಲ್ಲಿ ಈ ಮಾತು ಎಷ್ಟು ವಿಚಿತ್ರವೆಂಬುದು ನಮಗೆ ಆ ಶನಿವಾರದವರೆಗೆ ಹೊಳೆದಿರಲಿಲ್ಲ.

ಬೆಳಗಿನ ಐದಕ್ಕೆ ಹೊರಟಾಗ ಖರಾಡಿಯಲ್ಲಿ ತುಂತುರು. ಚಾಂದನಿ ಚೌಕ ದಾಟಿ ಪಿರಂಗುಟ್ ತಲುಪುವ ವೇಳೆಗೆ ಅದು ಸೋನೆಯಾಯಿತು. ಮುಳಶಿ ಜಲಾಶಯದ ಬದಿಯಲ್ಲಿ ಜಡಿಮಳೆ. ತಾಮ್ಹಿಣಿ ಘಾಟಿನ ನೆತ್ತಿಯಲ್ಲಿ ಮಳೆಯೂ ಮೋಡವೂ ಬೇರೆಬೇರೆಯಾಗಿ ಉಳಿಯದೆ, ಕಾರಿನ ಮುಂದಿನ ದೀಪಗಳ ಬೆಳಕು ಹತ್ತು ಮಾರು ಹೋಗಿ ಅಲ್ಲೇ ಕರಗುತ್ತಿತ್ತು. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಸಹ್ಯಾದ್ರಿಯ ಗೋಡೆಗೆ ತಾಗಿ ಮೇಲೇರುತ್ತದೆ, ಏರಿದಂತೆ ತಂಪಾಗಿ ತನ್ನ ಹೊರೆಯನ್ನು ಅಲ್ಲೇ ಇಳಿಸುತ್ತದೆ. ಬೆಟ್ಟದ ಈಚೆಗಿನ ಪುಣೆಗೆ ದಕ್ಕುವುದು ಉಳಿದದ್ದು. ಪುಣೆಯಲ್ಲಿ ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಬೀಳುವ ಮಳೆ ಅರವತ್ತು-ಎಪ್ಪತ್ತು ಕಿಲೋಮೀಟರು ದೂರದ ಈ ಘಾಟಿಯಲ್ಲಿ ಅದರ ಹಲವು ಪಟ್ಟು. ಶಾಲೆಯ ಭೂಗೋಳದಲ್ಲಿ ‘ಮಳೆಯ ನೆರಳಿನ ಪ್ರದೇಶ’ ಎಂದು ಬಾಯಿಪಾಠ ಮಾಡಿದ್ದ ಸಂಗತಿ ಎರಡು ಗಂಟೆಗಳಲ್ಲಿ ಕಾರಿನ ಕಿಟಕಿಯಲ್ಲಿ ಹಾದುಹೋಯಿತು. ಧಾರವಾಡದಿಂದ ದಾಂಡೇಲಿಯ ಮೇಲೆ ಕಾರವಾರಕ್ಕೆ ಇಳಿದವರಿಗೆ, ಶಿವಮೊಗ್ಗದಿಂದ ಆಗುಂಬೆ ಹಾದು ಉಡುಪಿಗೆ ಹೋದವರಿಗೆ ಇದು ಹೊಸದಲ್ಲ. ಬೆಟ್ಟ ಅದೇ, ಗಾಳಿ ಅದೇ. ರಾಜ್ಯದ ಹೆಸರು ಮಾತ್ರ ಬೇರೆ.

ಘಾಟಿ ಇಳಿದು ಮಾಣಗಾಂವ್ ತಲುಪಿದಾಗ ಚುರುಕು ಬಿಸಿಲು. ಮ್ಹಸಳಾ ದಾಟಿ ದಿವೇಆಗರದ ಮರಳಿನಲ್ಲಿ ಕಾಲಿಟ್ಟದ್ದು ಹತ್ತೂವರೆಗೆ. ಕಡಲು ಬೂದು ಹಸಿರಾಗಿ, ಮಣ್ಣು ಬೆರೆತ ನೀರಿನ ಬಣ್ಣದಲ್ಲಿ ಏಳುತ್ತಿತ್ತು. ನೀಲಿ ಕಡಲಿನ ಚಿತ್ರ ನೋಡಿ ಬಂದಿದ್ದ ಮಕ್ಕಳಿಬ್ಬರಿಗೆ ಮೊದಲು ನಿರಾಸೆಯಾಯಿತು. ಹದಿನೈದು ನಿಮಿಷ ಕಳೆದಿರಲಿಲ್ಲ, ಪಶ್ಚಿಮದ ಅಂಚಿನಲ್ಲಿ ಒಂದು ಕಪ್ಪು ಪಟ್ಟಿ ಮೂಡಿತು. ಅದರ ಕೆಳಗೆ ನೀರಿಗೂ ಮೋಡಕ್ಕೂ ನಡುವೆ ಬೂದಿಯ ಪರದೆಯೊಂದು ಇಳಿಬಿಟ್ಟಂತಿತ್ತು. ಪರದೆಯ ಎಡಕ್ಕೂ ಬಲಕ್ಕೂ ಬಿಸಿಲು ಹಾಗೆಯೇ ಇತ್ತು. ಅದು ನಮ್ಮತ್ತ ನಡೆದು ಬರುವುದನ್ನು ಕಣ್ಣಾರೆ ಕಂಡೆವು: ಮೊದಲು ದೂರದ ದೋಣಿಯೊಂದು ಮರೆಯಾಯಿತು, ಆಮೇಲೆ ಅಲೆಗಳ ಬಿಳಿ ಅಂಚು, ಕೊನೆಗೆ ಗಾಳಿ ದಿಕ್ಕು ಬದಲಿಸಿ ಮರಳಿನ ಕಣಗಳನ್ನು ಹೊತ್ತು ಮುಖಕ್ಕೆ ಎರಚಿತು. ನಗರದಲ್ಲಿ ಮಳೆ ತಲೆಯ ಮೇಲೆ ಇದ್ದಕ್ಕಿದ್ದಂತೆ ಆಗುವ ಸಂಗತಿ. ಮಳೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ, ಅದಕ್ಕೆ ಅಗಲವಿದೆ, ಆರಂಭ ಮತ್ತು ಕೊನೆಯ ಅಂಚುಗಳಿವೆ ಎಂಬುದನ್ನು ನಮ್ಮ ಮಕ್ಕಳು ಮೊದಲ ಬಾರಿಗೆ ಕಂಡದ್ದು ಅಲ್ಲಿ.

ದಿವೇಆಗರದಿಂದ ಶ್ರೀವರ್ಧನಕ್ಕೆ ಆರಾವಿ, ಕೊಂಡಿವಲಿಗಳ ಮೇಲೆ ಹೋಗುವ ರಸ್ತೆ ಹೆಚ್ಚಿನ ದೂರ ಕಡಲಿಗೆ ಅಂಟಿಕೊಂಡೇ ಸಾಗುತ್ತದೆ. ಇಪ್ಪತ್ತು ಕಿಲೋಮೀಟರಿಗಿಂತ ಬಹಳ ಹೆಚ್ಚಲ್ಲದ ಆ ದಾರಿಯಲ್ಲಿ ನಾಲ್ಕು ಬಾರಿ ಬಿಸಿಲು ಬಂತು, ನಾಲ್ಕು ಬಾರಿ ಮಳೆ. ಎರಡೂ ಒಟ್ಟಿಗೆ ಬಂದ ಒಂದು ಗಳಿಗೆಯಲ್ಲಿ ‘ಕಾಗೆಗೂ ನರಿಗೂ ಮದುವೆ’ ಎಂದು ನಮ್ಮೊಡನಿದ್ದ ಶಿರಸಿ ಕಡೆಯ ಹಿರಿಯರೊಬ್ಬರು ನಕ್ಕರು. ಮೂರನೆಯ ಮಳೆ ಗಾಳಿಯೊಂದಿಗೆ ಬಂದಾಗ ಕಾರನ್ನು ಬದಿಗೆ ನಿಲ್ಲಿಸಿ ತಗಡಿನ ಮಾಡಿನ ಚಹಾದಂಗಡಿಯೊಂದಕ್ಕೆ ನುಗ್ಗಿದೆವು. ಅಂಗಡಿಯ ಹೆಂಗಸು ನಮ್ಮ ಅವಸರವನ್ನು ಗಮನಿಸಿದಳೆಂದು ತೋರುತ್ತದೆ. ಒಲೆಯಿಂದ ಕಣ್ಣೆತ್ತದೆ ಮರಾಠಿಯಲ್ಲಿ ‘ಅರ್ಧ ತಾಸು ಕುಳಿತುಕೊಳ್ಳಿ, ಉಘಡೀಪ್ ಸಿಗುತ್ತದೆ’ ಎಂದಳು.

‘ಉಘಡೀಪ್’ ಎಂದರೆ ಮಳೆಯ ನಡುವಿನ ತೆರಪು. ಪುಣೆಯ ಮರಾಠಿ ಪತ್ರಿಕೆಗಳಲ್ಲಿ ಮಳೆಗಾಲವಿಡೀ ಈ ಪದ ಕಾಣುತ್ತದೆ; ಹದಿನಾರು ವರ್ಷದಿಂದ ಅದನ್ನು ಓದುತ್ತಲೇ ಇದ್ದೇವೆ. ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಶಿರಸಿಯ ಹಿರಿಯರು ತಕ್ಷಣ ಹೇಳಿದರು: ‘ಹೊಳವು. ಮಳೆ ಹೊಳವಾಯ್ತು ಅಂತೇವಲ್ಲ, ಅದೇ.’ ಮಲೆನಾಡಿನವರಿಗೆ ಬಾಲ್ಯದಿಂದ ಗೊತ್ತಿರುವ ಮಾತು. ಬಯಲುಸೀಮೆಯಿಂದ ಬಂದ ನಮ್ಮಲ್ಲಿ ಕೆಲವರಿಗೆ ಅದು ಹೊಸದು, ಮಕ್ಕಳಿಗಂತೂ ಪೂರ್ತಿ ಹೊಸದು. ಇಂಗ್ಲಿಷ್ ಎಂ.ಎ. ಓದಿದವರಿಗೆ ಅಲ್ಲಿ ಇನ್ನೊಂದು ನೆನಪಾಗದೆ ಇರದು. ಬ್ರಿಟನ್ನಿನ ಹವಾಮಾನ ವರದಿಯಲ್ಲಿ ‘ಸನ್ನಿ ಇಂಟರ್ವಲ್ಸ್’, ‘ಬ್ರೈಟ್ ಸ್ಪೆಲ್ಸ್’ ಎಂಬ ಮಾತುಗಳು ದಿನವೂ ಬರುತ್ತವೆ. ಮಳೆಯ ನಡುವೆ ಬದುಕುವ ಜನ ಯಾವ ದೇಶದವರಾದರೂ ಮಳೆಗೆ ಹೆಸರಿಟ್ಟಷ್ಟೇ ಶ್ರದ್ಧೆಯಿಂದ ಮಳೆ ನಿಂತ ಹೊತ್ತಿಗೂ ಹೆಸರಿಟ್ಟಿದ್ದಾರೆ. ಏಕೆಂದರೆ ಅವರ ಕೆಲಸವೆಲ್ಲ ನಡೆಯುವುದು ಆ ಹೊತ್ತಿನಲ್ಲಿ. ಬಟ್ಟೆ ಒಣಗುವುದು, ಬಲೆ ಹೊಲಿಯುವುದು, ಹೆಂಚು ಸರಿಸುವುದು, ಮಗುವನ್ನು ಶಾಲೆಗೆ ಕಳಿಸುವುದು ಎಲ್ಲವೂ ಹೊಳವಿನ ಲೆಕ್ಕದಲ್ಲಿ.

ಆ ಅರ್ಧ ತಾಸಿನಲ್ಲಿ, ಕೊನೆಗೆ ಅದು ಐವತ್ತು ನಿಮಿಷವಾಯಿತು, ಮಕ್ಕಳು ಮಳೆಯ ಹೆಸರುಗಳನ್ನು ಎಣಿಸತೊಡಗಿದರು. ಅವರಿಗೆ ಗೊತ್ತಿದ್ದದ್ದು ‘ಪಾವುಸ್’, ‘ರೇನ್’ ಮತ್ತು ‘ಮಳೆ’. ಮೂರು ಭಾಷೆಯಲ್ಲಿ ಒಂದೊಂದು ಹೆಸರು. ಹಿರಿಯರು ತುಂತುರು, ಸೋನೆ, ಜಡಿ, ಜಿರಾಪತಿ, ಕುಂಭದ್ರೋಣ ಎಂದು ಸೇರಿಸಿದರು. ಮೃಗಶಿರೆಯಿಂದ ಸ್ವಾತಿಯವರೆಗೆ ನಕ್ಷತ್ರಗಳ ಮಳೆಗಳನ್ನು ಬೆರಳು ಮಡಿಸಿ ಹೇಳಿದರು. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂಬ ಗಾದೆಯನ್ನು ನಾವು ತಡವರಿಸುತ್ತ ಮರಾಠಿಗೆ ತಂದಾಗ ಅಂಗಡಿಯ ಹೆಂಗಸು ತಮ್ಮಲ್ಲಿಯೂ ಪ್ರತಿ ನಕ್ಷತ್ರದ ಮಳೆಗೆ ಪಂಚಾಂಗದಲ್ಲಿ ಒಂದು ವಾಹನ ಬರೆದಿರುತ್ತಾರೆಂದು ಹೇಳಿದಳು: ಆನೆ, ಕಪ್ಪೆ, ನರಿ, ಕೋಣ. ಹೊರನಾಡಿನ ಮನೆಗಳಲ್ಲಿ ಮಕ್ಕಳ ಕನ್ನಡ ಸೊರಗುತ್ತಿದೆಯೆಂದು ನಮ್ಮ ಬಳಗದ ಸಭೆಗಳಲ್ಲಿ ಎಷ್ಟೋ ಸಲ ಮಾತನಾಡಿದ್ದೇವೆ, ಪಾಠ ಪುಸ್ತಕಗಳನ್ನು ತರಿಸಿದ್ದೇವೆ. ಮಳೆಯನ್ನು ನಿಂತು ನೋಡುವ ಬಿಡುವೇ ಇಲ್ಲದವರ ಬಾಯಲ್ಲಿ ಮಳೆಗೆ ಒಂದೇ ಹೆಸರು ಉಳಿದರೆ ಅದು ಪುಸ್ತಕದ ಕೊರತೆಯಿಂದಲ್ಲ ಎಂದು ಅಲ್ಲಿ ಅನ್ನಿಸಿತು.

ಹೊಳವಾದ ಮೇಲೆ ಶ್ರೀವರ್ಧನ. ಮೊದಲ ಪೇಶ್ವೆಯೆಂದು ಎಣಿಸುವ, 1713ರಲ್ಲಿ ಆ ಪದವಿಗೇರಿದ ಬಾಳಾಜಿ ವಿಶ್ವನಾಥರ ಊರು. ನಮ್ಮನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಮಾತ್ರ ಇತಿಹಾಸವಲ್ಲ, ಅಡಿಕೆ ತೋಟ. ಅಲ್ಲಿಯ ‘ರೋಠಾ’ ಅಡಿಕೆ ಮಹಾರಾಷ್ಟ್ರದಲ್ಲೆಲ್ಲ ಹೆಸರುವಾಸಿ. ಕಡಲಿನ ಮರಳಿಗೆ ತಾಗಿಕೊಂಡೇ ತೋಟವಿರುವುದು, ಅಡಿಕೆಯ ಜೊತೆ ತೆಂಗು, ಬಾಳೆ, ಮೆಣಸು ಬೆರೆತಿರುವುದು ಕಂಡು ನಮ್ಮ ಹಿರಿಯರು ಅಂಕೋಲೆಗೋ ಹೊನ್ನಾವರಕ್ಕೋ ಬಂದವರಂತೆ ಒಳಗೆ ಹೋಗಿಬಿಟ್ಟರು. ತೋಟದ ಯಜಮಾನರು ಅಡಿಕೆಯ ಬಗ್ಗೆ ಗೊತ್ತಿದ್ದವರು ಸಿಕ್ಕಿದ ಸಂತೋಷದಿಂದ ನಮ್ಮನ್ನೆಲ್ಲ ಒಳಗೆ ಕರೆದರು.

2020ರ ಜೂನ್ 3ರಂದು ‘ನಿಸರ್ಗ’ ಚಂಡಮಾರುತ ನೆಲ ಮುಟ್ಟಿದ್ದು ಈ ಜಿಲ್ಲೆಯ ಕರಾವಳಿಯಲ್ಲಿ. ದೇಶ ಕೋವಿಡ್ ದಿಗ್ಬಂಧನದಿಂದ ಇನ್ನೂ ಹೊರಬರುತ್ತಿದ್ದ ದಿನಗಳು. ಮುಂಬಯಿಗೆ ಹೊಡೆಯಬಹುದಾಗಿದ್ದ ಗಾಳಿ ತಪ್ಪಿತೆಂದು ವಾರ್ತೆಗಳಲ್ಲಿ ನಿಟ್ಟುಸಿರು ಕೇಳಿಸಿತ್ತು. ಪುಣೆಯಲ್ಲಿದ್ದ ನಾವೂ ಆ ನಿಟ್ಟುಸಿರಿನಲ್ಲಿ ಪಾಲುಗೊಂಡಿದ್ದೆವು. ತಪ್ಪಿದ ಗಾಳಿ ಹೋದದ್ದು ಶ್ರೀವರ್ಧನ, ದಿವೇಆಗರ, ಮುರುಡಗಳ ತೋಟಗಳ ಮೇಲೆ. ಆ ಯಜಮಾನರ ತೋಟದಲ್ಲಿ ಅಂದು ನಿಂತು ಉಳಿದ ಮರಗಳನ್ನು ಈಗಲೂ ಬೆರಳು ಮಾಡಿ ತೋರಿಸಬಹುದು. ಉಳಿದವೆಲ್ಲ ಆಮೇಲೆ ನೆಟ್ಟವು. ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕು, ಹದಕ್ಕೆ ಬರಲು ಇನ್ನೂ ಹೆಚ್ಚು. ಹಾಗಾಗಿ ಆ ತೋಟಗಳ ಪಾಲಿಗೆ ಒಂದು ಮಧ್ಯಾಹ್ನದ ಗಾಳಿ ಹತ್ತು ವರ್ಷದಷ್ಟು ಉದ್ದ. ಮಳೆಗಾಲದಲ್ಲಿ ಕೊಳೆರೋಗದ ಚಿಂತೆ ಬೇರೆ. ಮೈಲುತುತ್ತೂ ಸುಣ್ಣವೂ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸಲು ಹೊಳವು ಬೇಕು. ಸಿಂಪಡಿಸಿದ್ದು ಗೊನೆಗೆ ಹಿಡಿದು ಒಣಗುವಷ್ಟು ಹೊತ್ತಾದರೂ ಮಳೆ ತಡೆಯಬೇಕು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ಉಪಾಯವನ್ನು ಮಲೆನಾಡಿನ ಬೆಳೆಗಾರರಿಗೆ ಮುಟ್ಟಿಸಿ ನೂರು ವರ್ಷಕ್ಕೂ ಮೇಲಾಯಿತು. ಅಂದಿನಿಂದ ಇಂದಿನವರೆಗೆ ಮದ್ದು ಹೊಡೆಯುವವನು ಮೊದಲು ನೋಡುವುದು ಆಕಾಶವನ್ನೇ. ಮಾತಿನ ನಡುವೆ ಆ ಯಜಮಾನರೂ ನಮ್ಮ ಹಿರಿಯರೂ ಒಟ್ಟಿಗೆ ತಲೆಯೆತ್ತಿ ಪಶ್ಚಿಮವನ್ನು ನೋಡಿದ್ದನ್ನು ನಾವು ಗಮನಿಸಿದೆವು. ಇಬ್ಬರಿಗೂ ಅದು ಅಭ್ಯಾಸ. ನಾವು ಅದೇ ಹೊತ್ತಿಗೆ ಗಡಿಯಾರ ನೋಡುತ್ತಿದ್ದೆವು.

ಒಂದೂವರೆಗೆ ಹರಿಹರೇಶ್ವರ. ದೇವಾಲಯದ ಹಿಂದಿನ ಗುಡ್ಡದ ಬಂಡೆಗಳ ಸೀಳಿನಲ್ಲಿ ಮೆಟ್ಟಿಲಿಳಿದರೆ ಕಡಲ ಅಂಚಿನ ಪ್ರದಕ್ಷಿಣಾ ಪಥ. ಅಲೆಗಳು ಕೊರೆದ ಜೇನುಗೂಡಿನಂಥ ವಿನ್ಯಾಸಗಳ ಕಲ್ಲಿನ ಹಾಸು ಅಲ್ಲಿದೆ. ನಮ್ಮ ಪಟ್ಟಿಯಲ್ಲಿ ಅದೇ ಮುಖ್ಯ ಆಕರ್ಷಣೆ. ಆದರೆ ಆ ಹಾಸು ನೀರಿನ ಮೇಲಿರುವುದು ಇಳಿತದ ಹೊತ್ತಿನಲ್ಲಿ ಮಾತ್ರ. ಹುಣ್ಣಿಮೆ ಕಳೆದು ಎರಡು ದಿನವಾಗಿತ್ತು, ದೊಡ್ಡ ಉಬ್ಬರದ ದಿನಗಳು; ನಾವು ಹೋದಾಗ ನೀರು ತುಂಬಿತ್ತು. ಉಬ್ಬರದ ವೇಳೆ ಪ್ರದಕ್ಷಿಣೆಗೆ ಇಳಿಯಬಾರದೆಂಬ ಎಚ್ಚರಿಕೆ ಮೊದಲೇ ಕಾಣುತ್ತಿತ್ತು, ಹೂವು ಮಾರುವವರೂ ಬೇಡವೆಂದರು. ಅಷ್ಟರಲ್ಲಿ ಮಳೆ ನಿಂತು ಬೆಳ್ಳನೆಯ ಬಿಸಿಲು ಬಿತ್ತು. ನಮ್ಮಲ್ಲೊಬ್ಬರು ‘ಬಿಸಿಲಿದೆಯಲ್ಲ, ಹತ್ತು ಹೆಜ್ಜೆ ಇಳಿದು ಬರೋಣ’ ಎಂದರು. ನೂರೆಂಬತ್ತು ಕಿಲೋಮೀಟರು ಬಂದಿದ್ದೇವೆ, ಮತ್ತೆ ಯಾವಾಗ ಬರುತ್ತೇವೋ ಎಂಬ ವಾದವೂ ಎದ್ದಿತು. ನಿಜ ಹೇಳಬೇಕೆಂದರೆ ಆ ವಾದ ನಮ್ಮೆಲ್ಲರ ಮನಸ್ಸಿನಲ್ಲೂ ಇತ್ತು, ಒಬ್ಬರು ಬಾಯಿಬಿಟ್ಟು ಹೇಳಿದರಷ್ಟೆ.

ಇಳಿಯಲಿಲ್ಲ. ಮೆಟ್ಟಿಲ ತಲೆಯಲ್ಲಿ ನಿಂತಿದ್ದಂತೆ ಕೆಳಗಿನ ಸೀಳಿನಿಂದ ಅಲೆಯೊಂದು ಆಳೆತ್ತರಕ್ಕೆ ಚಿಮ್ಮಿ ಕೊನೆಯ ಮೆಟ್ಟಿಲುಗಳನ್ನು ತೊಳೆದು ಹೋಯಿತು. ಅದರ ಹಿಂದಿನ ನಾಲ್ಕೈದು ಅಲೆಗಳು ಅಷ್ಟು ದೂರ ಬಂದಿರಲಿಲ್ಲ. ತಲೆಯ ಮೇಲಿನ ಬಿಸಿಲಿಗೂ ಕಾಲ ಕೆಳಗಿನ ಉಬ್ಬರಕ್ಕೂ ಸಂಬಂಧವಿಲ್ಲ. ಉಬ್ಬರ ಚಂದ್ರನ ಲೆಕ್ಕ, ದಿನಕ್ಕೆ ಐವತ್ತು ನಿಮಿಷದಷ್ಟು ಹಿಂದೆ ಸರಿಯುತ್ತ ಬರುವ ಲೆಕ್ಕ. ದಿನವೂ ಕಡಲನ್ನು ನೋಡುವವರಿಗೆ ಅದು ಗೊತ್ತಿದೆ. ನಮಗೆ ಗೊತ್ತಿದ್ದದ್ದು ನಮ್ಮ ರಜೆಯ ಲೆಕ್ಕ ಮಾತ್ರ. ನೀರು ಇಳಿಯಲು ಸಂಜೆಯಾಗಬೇಕಿತ್ತು, ಕತ್ತಲಾದ ಮೇಲೆ ತಾಮ್ಹಿಣಿ ಹತ್ತುವುದು ಬೇಡವೆಂದು ನಿಶ್ಚಯಿಸಿದ್ದೆವು. ಹೀಗೆ ಪಟ್ಟಿಯ ಉಳಿದೆರಡು ಹೆಸರುಗಳೂ ಅಲ್ಲಿಯೇ ಬಿದ್ದುಹೋದವು. ದೇವರಿಗೆ ಕೈಮುಗಿದು, ಊಟ ಮಾಡಿ, ಎರಡೂ ಮುಕ್ಕಾಲಿಗೆ ಹಿಂದಿರುಗಿದೆವು.

ಇಷ್ಟು ಸಣ್ಣ ಪ್ರಸಂಗವನ್ನು ಹಿಗ್ಗಿಸಿ ಹೇಳುವುದಕ್ಕೆ ಕಾರಣವಿದೆ. ‘ಇಷ್ಟು ದೂರ ಬಂದಿದ್ದೇವೆ’ ಎಂಬ ವಾದ ನಮ್ಮ ಸುತ್ತಮುತ್ತ ಜೀವ ತೆಗೆಯುತ್ತಿರುವ ವಾದ. 2024ರ ಜೂನ್ 30ರಂದು ಲೋನಾವಳದ ಭೂಶಿ ಅಣೆಕಟ್ಟಿನ ಬಳಿಯ ಜಲಪಾತದಲ್ಲಿ ಪುಣೆಯ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅವರು ನೀರಿನ ನಡುವೆ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದ ದೃಶ್ಯವನ್ನು ದೇಶವೇ ನೋಡಿತು. 2025ರ ಜೂನ್ 15ರಂದು ತಳೇಗಾಂವ್ ಸಮೀಪದ ಕುಂಡಮಳಾದಲ್ಲಿ ಇಂದ್ರಾಯಣಿ ನದಿಯ ಹಳೆಯ ಕಬ್ಬಿಣದ ಸೇತುವೆ ವಾರಾಂತ್ಯದ ಜನಸಂದಣಿಯ ಭಾರಕ್ಕೆ ಕುಸಿದು ನಾಲ್ವರು ಸತ್ತರು. ಆ ಸಾವುಗಳಿಗೆ ಸತ್ತವರನ್ನೇ ಹೊಣೆ ಮಾಡುವುದು ಕ್ರೂರವಾದೀತು. ಅವರು ನಮ್ಮಂಥವರೇ, ವಾರವಿಡೀ ದುಡಿದು ಒಂದು ದಿನ ನೀರು ನೋಡಲು ಹೋದವರು. ಹರಿಹರೇಶ್ವರದ ಮೆಟ್ಟಿಲ ಮೇಲೆ ನಮಗೂ ಅವರಿಗೂ ಇದ್ದ ಅಂತರ ಹತ್ತು ಹೆಜ್ಜೆಯದು.

ಇಂಥ ದುರಂತಗಳ ಬಳಿಕ ಆಡಳಿತ ಮಳೆಗಾಲದಲ್ಲಿ ಜಲಪಾತ, ಅಣೆಕಟ್ಟು, ಕೋಟೆಗಳಿಗೆ ಸಾರಾಸಗಟಾಗಿ ಪ್ರವೇಶ ನಿಷೇಧಿಸುವುದುಂಟು. ತಕ್ಷಣದ ಕ್ರಮವಾಗಿ ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ನಿಷೇಧ ನಮಗೆ ಏನನ್ನೂ ಕಲಿಸುವುದಿಲ್ಲ. ಅದು ತೆರವಾದ ಮೊದಲ ಭಾನುವಾರ ಅದೇ ಜನ, ಅದೇ ಪಟ್ಟಿ ಹಿಡಿದು, ಅದೇ ಬಂಡೆಯ ಮೇಲೆ ನಿಲ್ಲುತ್ತಾರೆ. ಭಾರತೀಯ ಹವಾಮಾನ ಇಲಾಖೆ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಜಿಲ್ಲಾವಾರು ಮುನ್ಸೂಚನೆ ಕೊಡುತ್ತದೆ. 24 ಗಂಟೆಗಳಲ್ಲಿ 64.5 ಮಿಲಿಮೀಟರಿಗೆ ಮೇಲ್ಪಟ್ಟರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ, 204.5 ಮುಟ್ಟಿದರೆ ಅತ್ಯಂತ ಭಾರೀ ಎಂಬ ಸ್ಪಷ್ಟ ವರ್ಗೀಕರಣವಿದೆ. ಬಂದರುಗಳ ಉಬ್ಬರವಿಳಿತದ ಕೋಷ್ಟಕ ಯಾರಿಗೂ ಸಿಗುತ್ತದೆ. ಕಾರಿನಲ್ಲಿ ಹಾಡಿನ ಸರಣಿಯನ್ನು ಸಿದ್ಧಮಾಡುವಷ್ಟು ಹೊತ್ತಿನಲ್ಲಿ ಇವೆರಡನ್ನೂ ನೋಡಬಹುದು. ನಾವು ನೋಡಿರಲಿಲ್ಲ.

ನಾಚಿಕೆಯ ಸಂಗತಿಯೆಂದರೆ ನಾವಿರುವ ಊರು ಹವೆಯನ್ನು ಓದುವ ಊರು. 1875ರಲ್ಲಿ ಹುಟ್ಟಿದ ಹವಾಮಾನ ಇಲಾಖೆಯ ಪ್ರಧಾನ ಕಚೇರಿ ಶಿಮ್ಲಾದಿಂದ 1928ರಲ್ಲಿ ಪುಣೆಗೆ ಬಂತು. 1944ರಲ್ಲಿ ದೆಹಲಿಗೆ ಹೋದ ಮೇಲೂ ಶಿವಾಜಿನಗರದ ಆ ಕಟ್ಟಡವನ್ನು ಜನ ‘ಸಿಮ್ಲಾ ಆಫೀಸ್’ ಎಂದೇ ಕರೆಯುತ್ತಾರೆ. ಪಾಷಾಣದಲ್ಲಿ ಮುಂಗಾರನ್ನು ಅಭ್ಯಸಿಸುವ ಉಷ್ಣವಲಯದ ಹವಾಮಾನ ಸಂಸ್ಥೆ 1962ರಿಂದ ಇದೆ. ಆ ಚೌಕವನ್ನು ನೂರಾರು ಬಾರಿ ದಾಟಿದ್ದೇವೆ, ದಾಟುವಾಗಲೆಲ್ಲ ಸಿಗ್ನಲ್ಲಿನ ಬಣ್ಣವನ್ನಷ್ಟೇ ನೋಡಿದ್ದೇವೆ.

ಹವೆ ಕ್ಷಣಕ್ಷಣಕ್ಕೆ ಬದಲಾಗುವ ಕರಾವಳಿಯೆಂದರೆ ಇಂಗ್ಲಿಷ್ ಓದಿದವರಿಗೆ ಇಂಗ್ಲೆಂಡಿನದೇ ನೆನಪು. ಇಂಗ್ಲಿಷರು ಮಾತು ಆರಂಭಿಸುವುದೇ ಹವೆಯಿಂದ ಎಂದು ನಾವು ನಗುವುದುಂಟು. ಆ ಮಾತಿನ ಹಿಂದೆ ಮುಳುಗಿದ ಹಡಗುಗಳಿವೆ. 1859ರ ಅಕ್ಟೋಬರಿನಲ್ಲಿ ‘ರಾಯಲ್ ಚಾರ್ಟರ್’ ಎಂಬ ಹಡಗು ವೇಲ್ಸಿನ ಆಂಗಲ್ಸಿ ದಂಡೆಯಲ್ಲಿ ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ಡಾರ್ವಿನ್ನನನ್ನು ಲೋಕ ಸುತ್ತಿಸಿದ ‘ಬೀಗಲ್’ ಹಡಗಿನ ಕಪ್ತಾನನಾಗಿದ್ದ ರಾಬರ್ಟ್ ಫಿಟ್ಜ್‌ರಾಯ್ ಆಗ ಅಲ್ಲಿಯ ಹವಾಮಾನ ಕಚೇರಿಯ ಮುಖ್ಯಸ್ಥ. ಬಿರುಗಾಳಿ ಬರುವ ಮೊದಲೇ ಬಂದರುಗಳಿಗೆ ತಂತಿಯಲ್ಲಿ ಸುದ್ದಿ ಮುಟ್ಟಿಸಿ, ಕಂಬದ ಮೇಲೆ ಸಂಕೇತ ಏರಿಸುವ ಪದ್ಧತಿಯನ್ನು ಆತ 1861ರಲ್ಲಿ ಆರಂಭಿಸಿದ. ‘ಫೋರ್‌ಕಾಸ್ಟ್’ ಎಂಬ ಮಾತನ್ನು ಹವೆಗೆ ಬಳಕೆಗೆ ತಂದವನೂ ಆತನೇ. ನಮ್ಮ ಬಂದರುಗಳಲ್ಲಿ ಬಿರುಗಾಳಿಯ ದಿನ ಏರಿಸುವ ಸಂಖ್ಯೆಯ ಸಂಕೇತಗಳು ಅದೇ ಬಗೆಯ ಪದ್ಧತಿ. ಅದೇ ಇಂಗ್ಲೆಂಡಿನ ಪೂರ್ವ ದಂಡೆಯಲ್ಲಿ ಡನ್ವಿಚ್ ಎಂಬ ದೊಡ್ಡ ಬಂದರು ಪಟ್ಟಣ 13 ಮತ್ತು 14ನೆಯ ಶತಮಾನಗಳ ಬಿರುಗಾಳಿಗಳಿಗೆ ಸಿಕ್ಕಿ, ಮುಂದೆ ಕೊರೆತಕ್ಕೆ ತುತ್ತಾಗಿ, ಇಂದು ಹಳ್ಳಿಯಾಗಿ ಉಳಿದಿದೆ. ಅಲ್ಲಿಯ ಜನ ಮಳೆಕೋಟು ಹಾಕಿಕೊಂಡೇ ಕಡಲ ದಂಡೆಯಲ್ಲಿ ನಡೆಯುತ್ತಾರೆಂಬುದು ಹಾಸ್ಯದ ವಿಷಯವಲ್ಲ. ಬಿಸಿಲಿಗಾಗಿ ಕಾದು ಕುಳಿತರೆ ಕಡಲು ನೋಡುವುದೇ ಆಗದೆಂದು ಅವರಿಗೆ ಗೊತ್ತು.

ಕನ್ನಡಕ್ಕೆ ಈ ಪಾಠವನ್ನು ತಂದವರೊಬ್ಬರು ಪುಣೆಯಿಂದಲೇ ಹೋದವರು ಎಂಬುದು ನಮಗೆ ಅಭಿಮಾನದ ಸಂಗತಿ. ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ವಿನಾಯಕ ಕೃಷ್ಣ ಗೋಕಾಕರು 1930ರ ದಶಕದಲ್ಲಿ ಹಡಗಿನಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಬಂದು ‘ಸಮುದ್ರ ಗೀತೆಗಳು’ ಬರೆದರು. ಸವಣೂರಿನ ಒಣನೆಲದಿಂದ ಬಂದವರಿಗೆ ಕಡಲು ಕವಿತೆಯಾಗಲು ವಾರಗಟ್ಟಲೆ ಅದರ ಮೇಲೆ ತೇಲುವ ನಿಧಾನ ಸಿಕ್ಕಿತ್ತು. ನಮಗೆ ಸಿಗುವುದು ಒಂದು ದಿನ. ಅದರಲ್ಲಿಯೂ ಐದು ಕಡಲುಗಳನ್ನು ತುಂಬಲು ನೋಡುತ್ತೇವೆ.

ನಮ್ಮ ಮಾತಿಗೆ ಎದುರಾಗುವ ಆಕ್ಷೇಪ ನಮಗೆ ಗೊತ್ತಿದೆ. ಒಂದೇ ರಜೆ, ವಯಸ್ಸಾದ ತಂದೆತಾಯಿ, ಬೆಳೆಯುತ್ತಿರುವ ಮಕ್ಕಳು, ಏರುತ್ತಿರುವ ಪೆಟ್ರೋಲ್ ಬೆಲೆ; ಚಹಾದಂಗಡಿಯಲ್ಲಿ ಐವತ್ತು ನಿಮಿಷ ಕೂರುವ ಐಷಾರಾಮ ಎಲ್ಲರಿಗೂ ಇದೆಯೇ? ಆಕ್ಷೇಪ ನ್ಯಾಯವಾದದ್ದೇ. ಆದರೆ ಐದು ಸ್ಥಳಗಳಿಗೆ ಹಂಚಿದ ದಿನದಲ್ಲಿ ಹೆಚ್ಚು ಹೊತ್ತು ಕಳೆಯುವುದು ಕಾರಿನೊಳಗೆ. ಎರಡನ್ನು ನೋಡಿದ ನಾವು ಐದನ್ನು ನೋಡಬಹುದಾಗಿದ್ದವರಿಗಿಂತ ಹೆಚ್ಚು ಹೊತ್ತು ಕಡಲಿನ ಎದುರು ಇದ್ದೆವು. ರೇವಸ್‌ನಿಂದ ರೆಡ್ಡಿಯವರೆಗೆ ಕೊಂಕಣದ ಉದ್ದಕ್ಕೂ, ನದೀಮುಖಗಳ ಮೇಲೆ ಸೇತುವೆ ಕಟ್ಟಿ, ಕರಾವಳಿ ಹೆದ್ದಾರಿಯ ಯೋಜನೆ ಸಾಗುತ್ತಿದೆ. ಜಂಗಲ್‌ಗೆ ಕಾಯುತ್ತ ಬಸುರಿಯನ್ನೋ ರೋಗಿಯನ್ನೋ ದಾಟಿಸಬೇಕಾದ ಊರುಗಳಿಗೆ ಆ ಸೇತುವೆಗಳು ಬೇಕು. ಪ್ರವಾಸಿಗಳ ಭಾವುಕತೆಗಾಗಿ ಅವು ನಿಲ್ಲಬಾರದು. ಅವು ಬಂದ ಮೇಲೆ ಹತ್ತು ಸ್ಥಳಗಳನ್ನು ಒಂದು ದಿನದಲ್ಲಿ ಮುಗಿಸಬಹುದೆಂಬ ಆಸೆ ನಮ್ಮಲ್ಲಿ ಹುಟ್ಟುತ್ತದಲ್ಲ, ಅದಕ್ಕೆ ಈಗಿನಿಂದಲೇ ಲಗಾಮು ಬೇಕು. ರಸ್ತೆ ಎಷ್ಟೇ ಚೆನ್ನಾಗಿದ್ದರೂ ಮಳೆಯ ಎದುರು ಅದರ ಬಲ ಎಷ್ಟೆಂಬುದನ್ನು ಅಂಕೋಲೆಯ ಶಿರೂರಿನ ಗುಡ್ಡ 2024ರ ಜುಲೈ 16ರಂದು ನಮ್ಮ ಕರಾವಳಿಯ ಚತುಷ್ಪಥದ ಮೇಲೆಯೇ ಕುಸಿದು ತೋರಿಸಿದೆ. ಅಂದು ಮಣ್ಣಿನಡಿ ಸಿಕ್ಕವರು ಚಹಾ ಕುಡಿಯಲು ನಿಂತವರು, ಲಾರಿ ನಿಲ್ಲಿಸಿದವರು, ಅಲ್ಲೇ ಅಂಗಡಿ ಇಟ್ಟು ಬದುಕಿದವರು. ಪ್ರವಾಸಿ ಹವೆ ಕೆಟ್ಟರೆ ಮನೆಗೆ ಮರಳುತ್ತಾನೆ. ಆ ದಾರಿಯಲ್ಲೇ ಮನೆಯಿರುವವರು ಎಲ್ಲಿಗೆ ಮರಳಬೇಕು?

ಈ ಪ್ರಶ್ನೆ ಮನಸ್ಸಿನಲ್ಲಿದ್ದರೆ ಮಳೆಯಿಂದ ಪ್ರವಾಸ ಕೆಟ್ಟಿತೆಂಬ ಮಾತು ಬಾಯಿಗೆ ಅಷ್ಟು ಸುಲಭವಾಗಿ ಬರಲಾರದು. ಅದಕ್ಕಾಗಿ ನಮ್ಮ ಬಳಗದ ಮುಂದಿನ ಪ್ರವಾಸಕ್ಕೆ ನಾವು ಕೆಲವನ್ನು ಗೊತ್ತುಮಾಡಿಕೊಂಡಿದ್ದೇವೆ. ಒಂದು ದಿನಕ್ಕೆ ಒಂದೇ ಊರು, ಹೆಚ್ಚೆಂದರೆ ಎರಡು. ಹಿಂದಿನ ರಾತ್ರಿ ಮುನ್ಸೂಚನೆಯ ಬಣ್ಣವನ್ನೂ ಉಬ್ಬರದ ವೇಳೆಯನ್ನೂ ನೋಡುವುದು. ಕಿತ್ತಳೆ, ಕೆಂಪು ಇದ್ದರೆ ಘಾಟಿ ಇಳಿಯದಿರುವುದು. ಊರಿನವರು ಬೇಡವೆಂದ ಕಡೆ ಕಾಲಿಡದಿರುವುದು, ಬೇಡವೆಂದದ್ದು ಏಕೆಂದು ಕೇಳಿ ತಿಳಿಯುವುದು. ಕತ್ತಲಿಗೆ ಮುನ್ನ ಘಾಟಿ ಹತ್ತಿಬಿಡುವುದು. ಹಿಂದಿರುಗಿದ್ದಕ್ಕೆ ಯಾರೂ ಯಾರನ್ನೂ ದೂರದಿರುವುದು. ಈ ಕೊನೆಯದು ಎಲ್ಲಕ್ಕಿಂತ ಕಷ್ಟವೆಂದು ಅನುಭವದಿಂದ ಹೇಳಬಲ್ಲೆವು. ಹರಿಹರೇಶ್ವರದಿಂದ ಮ್ಹಸಳೆಯವರೆಗೆ ಕಾರಿನಲ್ಲಿ ಯಾರೂ ಮಾತಾಡಿರಲಿಲ್ಲ.

ಮೌನ ಮುರಿದದ್ದು ತಾಮ್ಹಿಣಿಯಲ್ಲಿ. ಬೆಳಿಗ್ಗೆ ಮೋಡದೊಳಗೆ ಮುಚ್ಚಿಹೋಗಿದ್ದ ಘಾಟಿ ಸಂಜೆ ಐದೂವರೆಗೆ ಹತ್ತು ನಿಮಿಷದ ಮಟ್ಟಿಗೆ ತೆರೆದುಕೊಂಡಿತು. ಎದುರಿನ ಕಪ್ಪು ಕಲ್ಲಿನ ಗೋಡೆಯ ಮೇಲೆ ಎಷ್ಟು ನೀರಿನ ಎಳೆಗಳಿದ್ದವೆಂದು ಎಣಿಸಲು ಹೋಗಿ ಮಕ್ಕಳು ಇಪ್ಪತ್ತರ ಆಚೆ ತಪ್ಪಿದರು. ಪುಣೆಯಲ್ಲೇ ಹುಟ್ಟಿದ, ಮನೆಯಲ್ಲಿ ಕನ್ನಡಕ್ಕೆ ಮರಾಠಿಯಲ್ಲಿ ಉತ್ತರಿಸುವ ಚಿಕ್ಕವಳು ಕಿಟಕಿಗೆ ಮುಖ ಒತ್ತಿಕೊಂಡು, ಯಾರೂ ಕೇಳದಿದ್ದರೂ, ‘ಅಜ್ಜಿ, ಹೊಳವಾಯ್ತು’ ಎಂದಳು. ಅಷ್ಟು ಹೇಳುವ ಹೊತ್ತಿಗೆ ಮತ್ತೆ ಮೋಡ ಮುಸುಕಿತು.